ಗಂಟೆ ಕಟ್ಟಿಕೊಂಡ ನದಿಗಳ್ಳ ದಂಡನಾಯಕನಾದ ಬಗೆ

ಪ್ರಶ್ನೆ: ನನ್ನ ಮಗ ಆಡುವ ವಿಡಿಯೊ ಗೇಮ್ ಒಂದರಲ್ಲಿ ಗಾನ್ ನಿಂಗ್ ಎಂಬ ಚೀನೀ ಯೋಧ ಬರುತ್ತಾನೆ. ಮೈಮೇಲೆ ಹಚ್ಚೆ, ಸೊಂಟದಲ್ಲಿ ಗಂಟೆ. ಮೊದಲು ಕಡಲ್ಗಳ್ಳನಾಗಿದ್ದು ಆಮೇಲೆ ಸೇನಾಪತಿಯಾದನಂತೆ. ಇಂಥವನೊಬ್ಬ ನಿಜವಾಗಿ ಇದ್ದನೇ? ದರೋಡೆಕೋರನ ಕೈಗೆ ರಾಜನಾದವನು ಸೈನ್ಯ ಕೊಟ್ಟದ್ದಾದರೂ ಹೇಗೆ? ತಾನು ಕೊಂದವನ ಮಗನಿಗೇ ಕೊನೆಗೆ ಆಪ್ತನಾದ, ಸತ್ತಾಗ ಕಾಗೆಗಳು ಅವನ ಶವ ಕಾದವು ಎಂದೆಲ್ಲ ಮಗ ಹೇಳುತ್ತಾನೆ. ಇದರಲ್ಲಿ ಇತಿಹಾಸ ಎಷ್ಟು, ಕಟ್ಟುಕಥೆ ಎಷ್ಟು?

ಉತ್ತರ: ಇದ್ದ. ಗಂಟೆಯೂ ನಿಜ. ಹಚ್ಚೆ ಮಾತ್ರ ಗೇಮ್ ಮಾಡಿದವರು ಹಾಕಿದ್ದು. ಇನ್ನು ಕಡಲಿಗೂ ಅವನಿಗೂ ಸಂಬಂಧವಿಲ್ಲ. ಅವನು ಹುಟ್ಟಿದ್ದು ಸಮುದ್ರದಿಂದ ಬಹುದೂರ, ಯಾಂಗ್ಟ್ಸಿ ನದಿಯ ಮೇಲ್ಭಾಗದ ಲಿನ್‌ಜಿಯಾಂಗ್‌ನಲ್ಲಿ. ಈಗ ಅದು ಚೊಂಗ್‌ಚಿಂಗ್ ಮಹಾನಗರದ ವ್ಯಾಪ್ತಿಗೆ ಬರುತ್ತದೆ. ಅವನ ಕಸುಬೆಲ್ಲ ನಡೆದದ್ದು ಆ ನದಿಯ ಮೇಲೆ ಮತ್ತು ದಡದ ಊರುಗಳಲ್ಲಿ. ನಿಜವಾದ ಕಡಲ್ಗಳ್ಳರು ಸರಕಾರಿ ಸೇನಾಧಿಕಾರಿಗಳಾದ ಕಥೆ ಬೇಕಿದ್ದರೆ 1628ರಲ್ಲಿ ಮಿಂಗ್ ದೊರೆಗಳ ಕಡೆ ಸೇರಿದ ಜೆಂಗ್ ಜಿಲಾಂಗ್, 1810ರಲ್ಲಿ ಚಿಂಗ್ ಸರಕಾರಕ್ಕೆ ಶರಣಾಗಿ ಹುದ್ದೆ ಪಡೆದ ಜಾಂಗ್ ಬಾವೊ ಇದ್ದಾರೆ. ಅವರಿಬ್ಬರೂ ತೀರಾ ಈಚಿನವರು. ನೀವು ಕೇಳಿದವನು ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲದವನು, ಕ್ರಿ.ಶ. ಎರಡನೆಯ ಶತಮಾನದ ಕೊನೆ ಮತ್ತು ಮೂರನೆಯದರ ಆರಂಭದವನು.

ಅವನ ಬಗ್ಗೆ ನಮಗೆ ತಿಳಿದಿರುವುದು ಮುಖ್ಯವಾಗಿ ಎರಡು ಪದರಗಳಿಂದ. ಒಂದು, 297ರಲ್ಲಿ ತೀರಿಕೊಂಡ ಚೆನ್ ಶೋ ಬರೆದ ಮೂರು ರಾಜ್ಯಗಳ ಇತಿಹಾಸ; ಹಾನ್ ಸಾಮ್ರಾಜ್ಯ ಒಡೆದು ಆದ ವೇ, ಶು, ವೂ ಎಂಬವೇ ಆ ಮೂರು ರಾಜ್ಯಗಳು. ಇನ್ನೊಂದು, 429ರಲ್ಲಿ ಪೇ ಸೋಂಗ್‌ಜಿ ಎಂಬ ವಿದ್ವಾಂಸ ಹಳೆಯ ಗ್ರಂಥಗಳನ್ನೆಲ್ಲ ಜಾಲಾಡಿ ಅದಕ್ಕೆ ಸೇರಿಸಿದ ಟಿಪ್ಪಣಿ. ಇದಾಗಿ ಸಾವಿರ ವರ್ಷದ ನಂತರ ಬಂದದ್ದು ಮೂರು ರಾಜ್ಯಗಳ ಪ್ರಸಿದ್ಧ ಕಾದಂಬರಿ. ಗೇಮ್‌ಗಳು, ಧಾರಾವಾಹಿಗಳು ನೆಚ್ಚಿಕೊಂಡಿರುವುದು ಕಾದಂಬರಿಯನ್ನು. ನಿಮ್ಮ ಮಗ ಹೇಳುವುದರಲ್ಲಿ ಇವೆರಡೂ ಕಲಸಿಕೊಂಡಿವೆ.

ಇತಿಹಾಸದ ಗಾನ್ ನಿಂಗ್ ಹುಡುಗನಾಗಿದ್ದಾಗಲೇ ಗಟ್ಟಿಗ. ಊರಿನ ಪೋಲಿ ಹುಡುಗರನ್ನು ಸೇರಿಸಿಕೊಂಡು ಅವರ ನಾಯಕನಾದ. ಬಿಲ್ಲು ಹಿಡಿದು, ಗರಿ ಸಿಕ್ಕಿಸಿಕೊಂಡು, ಮೈಮೇಲೆ ಗಂಟೆ ಕಟ್ಟಿಕೊಂಡು ತಿರುಗುತ್ತಿದ್ದರು. ಗಂಟೆ ಸದ್ದು ಕೇಳಿದರೆ ಜನರಿಗೆ ಗೊತ್ತು, ಬಂದ ಗಾನ್ ನಿಂಗ್. ಕಳ್ಳನಾದವನು ಸದ್ದಿಲ್ಲದೆ ಬರಬೇಕಲ್ಲವೇ? ಇವನದು ಉಲ್ಟಾ. ಇದು ಕತ್ತಲಲ್ಲಿ ನುಗ್ಗಿ ದೋಚುವ ಕಳ್ಳತನವಲ್ಲ, ಹಾಡಹಗಲಿನ ರೌಡಿಸಂ. ಊರಿಗೆ ಬಂದಾಗ ಯಾರು ಚೆನ್ನಾಗಿ ಉಪಚರಿಸುತ್ತಾರೋ ಅವರೊಂದಿಗೆ ಕುಡಿದು ಉಂಡು ಸ್ನೇಹ. ಉಪಚರಿಸದವರ ಮೇಲೆ ಹುಡುಗರನ್ನು ಛೂ ಬಿಟ್ಟು ಗಂಟುಮೂಟೆ ದೋಚುವುದು. ಸ್ಥಳೀಯ ಅಧಿಕಾರಿಗಳಿಗೂ ಇದೇ ನಿಯಮ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಹಫ್ತಾ ವಸೂಲಿ.

ಅದರ ಜೊತೆಗೆ ದುಂದಿನ ಪ್ರದರ್ಶನ. ನೆಲದ ಮೇಲಾದರೆ ರಥಗಳ ಸಾಲು, ನೀರಿನ ಮೇಲಾದರೆ ದೋಣಿಗಳ ಸಾಲು, ಜೊತೆಗಾರರಿಗೆಲ್ಲ ಕಸೂತಿ ಬಟ್ಟೆ. ದೋಣಿಯನ್ನು ದಡಕ್ಕೆ ಕಟ್ಟುತ್ತಿದ್ದದ್ದು ಬಣ್ಣದ ರೇಷ್ಮೆಯಿಂದ. ಹೊರಡುವಾಗ ಅದನ್ನು ಬಿಚ್ಚುವುದಿಲ್ಲ, ಕತ್ತರಿಸಿ ಅಲ್ಲೇ ಬಿಟ್ಟು ಹೋಗುವುದು! ಆ ಕಾಲದಲ್ಲಿ ರೇಷ್ಮೆ ಎಂದರೆ ಕೈಯಲ್ಲಿನ ಹಣವೇ. ತೆರಿಗೆಯನ್ನೂ ರೇಷ್ಮೆಯಲ್ಲಿ ಕಟ್ಟಬಹುದಿತ್ತು. ಪ್ರತಿಸಲ ಹೊರಡುವಾಗಲೂ ದಡದಲ್ಲಿ ಒಂದಿಷ್ಟು ಹಣ ಚೆಲ್ಲಿ ಹೋಗುವವನನ್ನು ಊರು ಮರೆಯುವುದುಂಟೆ?

ಹಾಗೆಂದು ಇವನು ಓದುಬರಹ ತಿಳಿಯದ ಒರಟ ಎಂದುಕೊಳ್ಳಬೇಡಿ. ಒಂದು ಕಾಲಕ್ಕೆ ಸರಕಾರದ ಲೆಕ್ಕಪತ್ರದ ಗುಮಾಸ್ತನಾಗಿದ್ದ, ಶು ಪ್ರಾಂತದಲ್ಲಿ ಉಪಾಧಿಕಾರಿಯ ಹುದ್ದೆಯೂ ಸಿಕ್ಕಿತ್ತು, ಬಿಟ್ಟು ಮನೆಗೆ ಬಂದ ಎಂದು ಟಿಪ್ಪಣಿ ಹೇಳುತ್ತದೆ. ದರೋಡೆ ನಿಲ್ಲಿಸಿದ ಮೇಲೆ ಹಳೆಯ ತತ್ತ್ವಶಾಸ್ತ್ರದ ಗ್ರಂಥಗಳನ್ನು ಓದಿದನೆಂದೂ ದಾಖಲೆಯಿದೆ. ಓದಿ ಸಾಧುವಾದನೇ? ಇಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ದರೋಡೆಕೋರನಿಗೆ ಸೈನ್ಯ ಕೊಟ್ಟದ್ದು ಹೇಗೆ?

ಕೊಡಲಿಲ್ಲ. ಸೈನ್ಯವನ್ನು ಅವನೇ ತಂದ. ಇದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. ಹಾನ್ ದೊರೆತನ ಹೆಸರಿಗಷ್ಟೇ ಉಳಿದಿದ್ದ ಆ ದಿನಗಳಲ್ಲಿ ಸಂಬಳ ಕೊಟ್ಟು, ಕವಾಯತು ಮಾಡಿಸಿ ಸಾಕುವ ರಾಜಸೈನ್ಯ ಎಂಬುದು ಚೂರುಚೂರಾಗಿತ್ತು. ಯಾರ ಹಿಂದೆ ನೂರು ಜನ ನಿಲ್ಲುತ್ತಾರೋ ಅವನು ನೂರು ಜನರ ನಾಯಕ, ಸಾವಿರ ಜನ ನಿಂತರೆ ಸಾವಿರದ ನಾಯಕ. ದಕ್ಷಿಣದ ವೂ ರಾಜ್ಯದಲ್ಲಿ ಇದು ಇನ್ನೂ ಎದ್ದು ಕಾಣುತ್ತಿತ್ತು. ಅಲ್ಲಿ ದಂಡನಾಯಕ ಸತ್ತರೆ ಅವನ ಆಳುಗಳು ಹೊಲಮನೆಯ ಹಾಗೆ ಮಗನಿಗೆ ಬರುತ್ತಿದ್ದರು. ಆ ಆಳುಗಳ ಹೊಟ್ಟೆಪಾಡಿಗೆಂದು ದೊರೆ ಒಂದೆರಡು ತಾಲೂಕುಗಳನ್ನು ಬಿಟ್ಟುಕೊಡುತ್ತಿದ್ದ. ಇಂಥ ವ್ಯವಸ್ಥೆಯಲ್ಲಿ ದರೋಡೆ ಗುಂಪಿಗೂ ಸೈನ್ಯದ ತುಕಡಿಗೂ ನಡುವಿನ ಗೆರೆ ಬಹಳ ತೆಳು. ಗಾನ್ ನಿಂಗ್ ಊರು ಬಿಟ್ಟಾಗ ಅವನ ಹಿಂದೆ 800 ಜನರಿದ್ದರು. ಅವನ ಬಳಿ ಇಲ್ಲದ್ದು ಒಬ್ಬ ಒಡೆಯ ಮಾತ್ರ.

ಆ ಒಡೆಯ ಸಿಗುವುದೇ ತಡವಾಯಿತು. 194ರಲ್ಲಿ ಶು ಸೀಮೆಯ ಅಧಿಕಾರ ಲಿಯು ಜಾಂಗ್‌ನ ಕೈಗೆ ಬಂದಾಗ ಅವನ ವಿರುದ್ಧ ದಂಗೆಯೆದ್ದವರಲ್ಲಿ ಗಾನ್ ನಿಂಗ್ ಕೂಡ ಒಬ್ಬ. ದಂಗೆ ಸೋತು, ನದಿಯ ಕೆಳಮುಖವಾಗಿ ಜಿಂಗ್ ಪ್ರಾಂತಕ್ಕೆ ಓಡಿಬಂದ. ಅಲ್ಲಿನ ಒಡೆಯ ಲಿಯು ಬಿಯಾವೊ ಪಂಡಿತ ಮನುಷ್ಯ, ಯುದ್ಧ ಅವನ ಜಾಯಮಾನವಲ್ಲ. ಇವನಿಗೆ ಏನೂ ಕೆಲಸ ಕೊಡಲಿಲ್ಲ. ಸರಿ, ಪೂರ್ವಕ್ಕೆ ವೂ ರಾಜ್ಯಕ್ಕೆ ಹೋಗೋಣವೆಂದರೆ ನಡುದಾರಿಯಲ್ಲಿ, ಈಗಿನ ವುಹಾನ್ ಇರುವ ಕಡೆ, ಶಿಯಾಕೋ ಎಂಬಲ್ಲಿ ಹುವಾಂಗ್ ಜೂ ಎಂಬ ಸೇನಾಪತಿಯ ಕಾವಲು. 800 ಜನರನ್ನು ಕಟ್ಟಿಕೊಂಡು ಕಣ್ತಪ್ಪಿಸಿ ದಾಟುವುದು ಆಗದ ಮಾತು. ಹಾಗಾಗಿ ಹುವಾಂಗ್ ಜೂ ಬಳಿಯೇ ಮೂರು ವರ್ಷ ಕೊಳೆತ.

203ರಲ್ಲಿ ವೂ ದೊರೆ ಸುನ್ ಚುವಾನ್ ಶಿಯಾಕೋ ಮೇಲೆ ದಂಡೆತ್ತಿ ಬಂದ. ಹುವಾಂಗ್ ಜೂ ಸೋತು ಹಿಮ್ಮೆಟ್ಟುತ್ತಿದ್ದಾಗ ಹಿಂದಿನಿಂದ ಅಟ್ಟಿಬಂದ ವೂ ನಾಯಕ ಲಿಂಗ್ ತ್ಸಾವೊನನ್ನು ಗಾನ್ ನಿಂಗ್ ಬಾಣ ಬಿಟ್ಟು ಕೊಂದ. ಒಡೆಯನ ಜೀವ ಉಳಿಯಿತು. ಅದಕ್ಕೆ ಸಿಕ್ಕ ಬಹುಮಾನ? ಏನೂ ಇಲ್ಲ. ಅಷ್ಟೇ ಅಲ್ಲ, ಅವನ ಆಳುಗಳಿಗೆ ಆಸೆ ತೋರಿಸಿ ಒಬ್ಬೊಬ್ಬರನ್ನೇ ತನ್ನ ಕಡೆ ಎಳೆದುಕೊಳ್ಳಲು ಹುವಾಂಗ್ ಜೂ ಹೊರಟ. ಆಳುಗಳೇ ಆಸ್ತಿಯಾಗಿದ್ದ ಕಾಲದಲ್ಲಿ ಇದು ಮನೆಗೆ ಕನ್ನ ಹಾಕಿದ್ದಕ್ಕೆ ಸಮ. ದರೋಡೆಕೋರನನ್ನೇ ದೋಚಲು ಹೊರಟ ಯಜಮಾನ!

ಇಲ್ಲಿ ಬರುವವನು ಸು ಫೇ. ಹುವಾಂಗ್ ಜೂ ಕೈಕೆಳಗಿನ ಅಧಿಕಾರಿ. ಗಾನ್ ನಿಂಗ್ ಪರವಾಗಿ ಹಲವು ಸಲ ಶಿಫಾರಸು ಮಾಡಿ ಸೋತಿದ್ದ. ಒಂದು ದಿನ ಇವನನ್ನು ಕರೆದು ಮದ್ಯ ಕೊಟ್ಟು, ವರ್ಷಗಳು ಉರುಳುತ್ತಿವೆ, ಆಯಸ್ಸು ಎಷ್ಟಿದ್ದೀತು, ನಿನ್ನ ಬೆಲೆ ತಿಳಿಯುವವರ ಬಳಿಗೆ ಹೋಗು ಎಂದ. ಬರಿ ಮಾತಾಡಿ ಕೈತೊಳೆದುಕೊಳ್ಳಲಿಲ್ಲ. ಕಾವಲಿನಿಂದ ಕೆಳಗೆ, ವೂ ಗಡಿಯ ಕಡೆಗಿದ್ದ ಜೂ ಎಂಬ ತಾಲೂಕಿಗೆ ಗಾನ್ ನಿಂಗ್‌ನನ್ನು ಅಧಿಕಾರಿಯಾಗಿ ವರ್ಗ ಮಾಡಿಸಿದ. ಅಲ್ಲಿಂದ ಆಚೆ ದಾಟುವುದು ಸುಲಭ. ಗಾನ್ ನಿಂಗ್ ದಾಟಿದ.

ವೂ ಪಾಳೆಯದಲ್ಲಿ ಜೋ ಯೂ, ಲ್ಯೂ ಮೆಂಗ್ ಎಂಬ ದಂಡನಾಯಕರಿಬ್ಬರೂ ಇವನ ಪರ ನಿಂತರು. ಸುನ್ ಚುವಾನ್ ಇವನನ್ನು ಹಳೆಯ ಸೇವಕನಂತೆಯೇ ಕಂಡ. ಇದರಲ್ಲೊಂದು ತಮಾಷೆ ಇದೆ. ಸುನ್ ಚುವಾನ್‌ನ ತಂದೆ ಸುನ್ ಜಿಯಾನ್ 17ರ ಹರೆಯದಲ್ಲಿ ಮೊದಲು ಹೆಸರು ಮಾಡಿದ್ದೇ ಇಂಥ ಗಳ್ಳರನ್ನು ಓಡಿಸಿ. ಚಿಯಾನ್‌ತಾಂಗ್ ಬಳಿ ಲೂಟಿಯ ಮಾಲನ್ನು ದಡದಲ್ಲಿ ಹಂಚಿಕೊಳ್ಳುತ್ತಿದ್ದ ಗಳ್ಳರನ್ನು ಕಂಡು, ಒಬ್ಬನೇ ಕತ್ತಿ ಹಿಡಿದು ಎತ್ತರದ ಜಾಗಕ್ಕೆ ಹೋಗಿ, ಹಿಂದೆ ದೊಡ್ಡ ದಂಡೇ ಇರುವಂತೆ ಎಡಕ್ಕೆ ಬಲಕ್ಕೆ ಕೈ ತೋರಿಸಿ ಅಪ್ಪಣೆ ಕೊಡುವ ನಟನೆ ಮಾಡಿದ. ಗಳ್ಳರು ಮಾಲು ಬಿಟ್ಟು ಓಡಿದರು. ತಂದೆ ಅಟ್ಟಿದ್ದನ್ನು ಮಗ ಕರೆದು ಕೂರಿಸಿದ. ಆ ತಂದೆಯನ್ನು ಮುಂದೆ ಯುದ್ಧದಲ್ಲಿ ಕೊಂದವರು ಬೇರಾರೂ ಅಲ್ಲ, ಇದೇ ಹುವಾಂಗ್ ಜೂ ಪಡೆಯವರು. ಆ ಪಾಳೆಯದ ಒಳಹೊರಗು ಬಲ್ಲವನೊಬ್ಬ ತಾನಾಗಿ ಬಂದರೆ ಯಾವ ದೊರೆ ಬಿಟ್ಟಾನು?

ಗಾನ್ ನಿಂಗ್ ಕೊಟ್ಟ ಸಲಹೆ ಲೆಕ್ಕಪತ್ರದವನ ಬುದ್ಧಿಗೆ ತಕ್ಕಂತಿತ್ತು. ಹುವಾಂಗ್ ಜೂಗೆ ವಯಸ್ಸಾಗಿದೆ, ಹಣ ಧಾನ್ಯ ಎರಡೂ ತಳ ಕಂಡಿವೆ, ಅವನ ಅಧಿಕಾರಿಗಳು ಕೆಳಗಿನವರನ್ನು ಸುಲಿಯುತ್ತಿದ್ದಾರೆ, ದೋಣಿ ಆಯುಧಗಳು ಹಾಳಾಗಿ ಬಿದ್ದಿವೆ, ಈಗ ಹೋದರೆ ಗೆಲುವು ಖಂಡಿತ. ಅವನನ್ನು ಮುಗಿಸಿ ಪಶ್ಚಿಮಕ್ಕೆ ನುಗ್ಗಿದರೆ ನನ್ನ ತವರಾದ ಬಾ, ಶು ಸೀಮೆಗಳಿಗೂ ಕೈಚಾಚಬಹುದು ಎಂದ. ಹಿರಿಯ ಮಂತ್ರಿ ಜಾಂಗ್ ಜಾವೊ, ಸೈನ್ಯ ಹೊರಟರೆ ಇಲ್ಲಿ ದಂಗೆಯಾದೀತು ಎಂದು ತಡೆದ. ಮನೆ ಕಾಯುವ ಹೊಣೆ ಹೊತ್ತವರೇ ಮನೆ ಕೆಟ್ಟೀತೆಂದು ಹೆದರಿದರೆ ಹೇಗೆ ಎಂದು ಮೊನ್ನೆ ಬಂದ ಗಾನ್ ನಿಂಗ್ ಸಭೆಯಲ್ಲೇ ತಿರುಗಿಸಿ ಕೊಟ್ಟ. ಸುನ್ ಚುವಾನ್ ಮದ್ಯದ ಬಟ್ಟಲೆತ್ತಿ, ಈ ಬಟ್ಟಲನ್ನು ಕೊಟ್ಟಂತೆ ಈ ವರ್ಷದ ದಂಡಯಾತ್ರೆಯನ್ನು ನಿನಗೆ ಒಪ್ಪಿಸಿದ್ದೇನೆ ಎಂದ. 208ರಲ್ಲಿ ಹುವಾಂಗ್ ಜೂ ಕಥೆ ಮುಗಿಯಿತು.

ಆಗ ಸುನ್ ಚುವಾನ್ ಎರಡು ಪೆಟ್ಟಿಗೆ ಮಾಡಿಸಿಟ್ಟಿದ್ದ. ಒಂದು ಹುವಾಂಗ್ ಜೂ ತಲೆಗೆ. ಇನ್ನೊಂದು ಸೆರೆ ಸಿಕ್ಕಿದ್ದ ಸು ಫೇ ತಲೆಗೆ. ಸು ಫೇ ಸೆರೆಯಿಂದ ಹೇಳಿ ಕಳುಹಿಸಿದ. ಅವನು ಹೇಳದಿದ್ದರೆ ನಾನು ಮರೆತುಬಿಡುತ್ತಿದ್ದೆನೇ ಎಂದನಂತೆ ಗಾನ್ ನಿಂಗ್. ವಿಜಯದ ಔತಣದಲ್ಲಿ ಎದ್ದು ಬಂದು ದೊರೆಯ ಮುಂದೆ ನೆಲಕ್ಕೆ ಹಣೆ ಚಚ್ಚಿಕೊಂಡ. ಕಣ್ಣೀರಿನ ಜೊತೆ ರಕ್ತವೂ ಇಳಿಯಿತು. ಇವನಿಲ್ಲದಿದ್ದರೆ ನಾನು ಎಂದೋ ಯಾವುದೋ ಹಳ್ಳದಲ್ಲಿ ಹೆಣವಾಗಿರುತ್ತಿದ್ದೆ ಎಂದ. ಬಿಟ್ಟರೆ ಓಡಿಹೋದಾನು ಎಂದ ದೊರೆಗೆ, ಹಾಗಾದರೆ ಆ ಪೆಟ್ಟಿಗೆಯಲ್ಲಿ ನನ್ನ ತಲೆ ಇಡಿ ಎಂದು ಉತ್ತರ ಕೊಟ್ಟ. ಸು ಫೇ ಉಳಿದ.

ಇದನ್ನು ಓದಿ ದರೋಡೆಕೋರನ ಮನಸ್ಸು ತಿಳಿಯಾಯಿತು ಎನ್ನುವವರಿಗೆ ನಾನು ಅಡುಗೆ ಹುಡುಗನ ಕಥೆ ಹೇಳುತ್ತೇನೆ. ಗೇಮ್‌ನಲ್ಲಿ ಇದು ಬರುವುದಿಲ್ಲ. ಗಾನ್ ನಿಂಗ್‌ನ ಅಡುಗೆಮನೆಯ ಹುಡುಗನೊಬ್ಬ ಏನೋ ತಪ್ಪು ಮಾಡಿ ಲ್ಯೂ ಮೆಂಗ್ ಬಳಿಗೆ ಓಡಿಹೋದ. ಕೊಂದಾನೆಂಬ ಭಯದಿಂದ ಲ್ಯೂ ಮೆಂಗ್ ಕೂಡಲೇ ವಾಪಸು ಕಳಿಸಲಿಲ್ಲ. ಕೆಲದಿನದ ಮೇಲೆ ಗಾನ್ ನಿಂಗ್ ಕಾಣಿಕೆ ಹಿಡಿದು ಲ್ಯೂ ಮೆಂಗ್‌ನ ತಾಯಿಯನ್ನು ನೋಡಲು ಬಂದಾಗ, ಕೊಲ್ಲುವುದಿಲ್ಲವೆಂದು ಮಾತು ತೆಗೆದುಕೊಂಡು ಹುಡುಗನನ್ನು ಒಪ್ಪಿಸಿದ. ಗಾನ್ ನಿಂಗ್ ತನ್ನ ದೋಣಿ ನಿಂತಲ್ಲಿಗೆ ಹೋದವನೇ ಹುಡುಗನನ್ನು ಹಿಪ್ಪುನೇರಳೆ ಮರಕ್ಕೆ ಕಟ್ಟಿ, ತಾನೇ ಬಾಣ ಬಿಟ್ಟು ಕೊಂದ. ಆಮೇಲೆ ದೋಣಿಗೆ ಇನ್ನಷ್ಟು ಹಗ್ಗ ಹಾಕಿ ಬಿಗಿಯಾಗಿ ಕಟ್ಟಲು ಹೇಳಿ, ಮೇಲುಬಟ್ಟೆ ಕಳಚಿ ಒಳಗೆ ಮಲಗಿಬಿಟ್ಟ. ಅಂದರೆ ಓಡಿಹೋಗುವುದಿಲ್ಲ, ಬಂದು ಏನು ಮಾಡುತ್ತೀಯೋ ಮಾಡು ಎಂದಂತೆ. ಲ್ಯೂ ಮೆಂಗ್ ಕೆಂಡಾಮಂಡಲವಾಗಿ ನಗಾರಿ ಬಾರಿಸಿ ಆಳುಗಳನ್ನು ಕೂಡಿಸಿದ. ಇವನು ಕೇಳಿಯೂ ಏಳಲಿಲ್ಲ. ಲ್ಯೂ ಮೆಂಗ್‌ನ ತಾಯಿ ಬರಿಗಾಲಲ್ಲಿ ಓಡಿಬಂದು, ದೊರೆ ನಿನ್ನನ್ನು ಒಡಹುಟ್ಟಿದವನಂತೆ ನಂಬಿರುವಾಗ ನಿನ್ನ ಸ್ವಂತ ಸಿಟ್ಟಿಗೆ ಅವನ ದಂಡನಾಯಕನನ್ನು ಕೊಲ್ಲುತ್ತೀಯಾ ಎಂದು ಮಗನನ್ನು ತಡೆದಳು. ತಾಯಿಯ ಮಾತು ಮೀರದ ಲ್ಯೂ ಮೆಂಗ್ ದೋಣಿಯ ಬಳಿ ಹೋಗಿ, ನಗುತ್ತಾ, ಅಮ್ಮ ಊಟಕ್ಕೆ ಕಾಯುತ್ತಿದ್ದಾಳೆ, ಬೇಗ ಏಳು ಎಂದು ಕರೆದ. ಗಾನ್ ನಿಂಗ್ ಬಿಕ್ಕಿಬಿಕ್ಕಿ ಅತ್ತು, ನಿನಗೆ ದ್ರೋಹ ಮಾಡಿದೆ ಎಂದನಂತೆ. ದಿನವಿಡೀ ಒಟ್ಟಿಗೆ ಉಂಡರು.

ಹುಡುಗನ ಹೆಸರನ್ನು ಇತಿಹಾಸಕಾರ ಬರೆದಿಲ್ಲ. ಇದು ನಡೆದದ್ದು ದರೋಡೆಯ ದಿನಗಳಲ್ಲಲ್ಲ, ದಂಡನಾಯಕನಾದ ಮೇಲೆ. ಗಂಟೆ ಕಟ್ಟಿಕೊಂಡು ತಿರುಗುತ್ತಿದ್ದ ಹುಡುಗನೂ ಇವನೂ ಒಬ್ಬನೇ: ತನ್ನನ್ನು ಕೈಹಿಡಿದವನಿಗೆ ತಲೆ ಕೊಡುತ್ತಾನೆ, ತನ್ನ ಕೈಕೆಳಗಿನವನು ತಪ್ಪಿದರೆ ತಲೆ ತೆಗೆಯುತ್ತಾನೆ. ಚೆನ್ ಶೋ ಕೂಡ ಅವನನ್ನು ಒರಟ, ಕೊಲ್ಲಲು ಹಿಂದೆಮುಂದೆ ನೋಡದವನು ಎನ್ನುತ್ತಲೇ, ತೆರೆದ ಮನಸ್ಸಿನವನು, ಹಣಕ್ಕೆ ಅಂಟಿಕೊಳ್ಳದವನು, ಸೈನಿಕರನ್ನು ಚೆನ್ನಾಗಿ ಸಾಕಿದವನು, ಅದಕ್ಕೇ ಅವರು ಇವನಿಗಾಗಿ ಕಾದಾಡಿದರು ಎಂದಿದ್ದಾನೆ. ಸುನ್ ಚುವಾನ್ ಇದನ್ನೆಲ್ಲ ಅರಿತೇ ಇಟ್ಟುಕೊಂಡಿದ್ದ. ಹಣಕ್ಕಾಗಿ ಕೊಲೆ ಮಾಡುತ್ತಿದ್ದ ಪಾನ್ ಜಾಂಗ್ ಎಂಬ ಇನ್ನೊಬ್ಬ ದಂಡನಾಯಕನನ್ನೂ ಅವನು ಹೀಗೆಯೇ ಸಹಿಸಿಕೊಂಡಿದ್ದ.

ಯುದ್ಧಗಳನ್ನು ಬೇಗ ಹೇಳಿಬಿಡುತ್ತೇನೆ, ನಿಮ್ಮ ಮಗನಿಗೆ ಅವು ಬಾಯಿಪಾಠ ಇದ್ದಾವು. ಉತ್ತರವನ್ನು ಆಳುತ್ತಿದ್ದ ತ್ಸಾವೊ ತ್ಸಾವೊ ವಿರುದ್ಧ ನಡೆದ 208ರ ಕೆಂಪುಬಂಡೆ ಕಾಳಗದಲ್ಲಿ ಜೋ ಯೂ ಜೊತೆಗಿದ್ದ. ಅದರ ಬೆನ್ನಿಗೇ ಯೀಲಿಂಗ್ ಊರನ್ನು ಹಿಡಿದು, ಸುಮಾರು ಸಾವಿರ ಜನರೊಂದಿಗೆ ಐದಾರು ಸಾವಿರದ ಮುತ್ತಿಗೆಯನ್ನು ತಾಳಿಕೊಂಡ. ಊರೊಳಗೆ ಬಾಣದ ಮಳೆ ಸುರಿಯುತ್ತಿದ್ದಾಗ ಇವನೊಬ್ಬ ನಗುತ್ತಾ ಹರಟುತ್ತಿದ್ದ. 214ರಲ್ಲಿ ವಾನ್ ಕೋಟೆಗೆ ರೇಷ್ಮೆ ಹಗ್ಗ ಹಿಡಿದು ಎಲ್ಲರಿಗಿಂತ ಮೊದಲು ಹತ್ತಿದ. ಮರುವರ್ಷ ಯೀಯಾಂಗ್‌ನಲ್ಲಿ ಎದುರಾಳಿ ಪಡೆಯ ಹೆಸರಾಂತ ದಂಡನಾಯಕ ಗ್ವಾನ್ ಯೂ ರಾತ್ರಿ ನದಿ ದಾಟಲು ಸಜ್ಜಾದಾಗ, ನನ್ನ ಕೆಮ್ಮು ಕೇಳಿದರೂ ಸಾಕು, ಅವನು ನೀರಿಗಿಳಿಯುವುದಿಲ್ಲ ಎಂದ. ಗ್ವಾನ್ ಯೂ ಇಳಿಯಲಿಲ್ಲ.

ಒಂದು ರಾತ್ರಿಯನ್ನು ಮಾತ್ರ ನಿಧಾನವಾಗಿ ಹೇಳಬೇಕು. ರೂಶು ಎಂಬಲ್ಲಿ ಉತ್ತರದ ತ್ಸಾವೊ ತ್ಸಾವೊ ನಾಲ್ಕು ಲಕ್ಷ ದಂಡು ತಂದಿದ್ದೇನೆಂದು ಸಾರಿಕೊಂಡು ಬಂದಿದ್ದ. ಲೆಕ್ಕ ಉಬ್ಬಿಸಿದ್ದೇ ಇರಬೇಕು, ಆದರೂ ದೊಡ್ಡ ದಂಡೇ. ಸುನ್ ಚುವಾನ್ ರಾತ್ರಿ ದಾಳಿಗೆ ಗುಟ್ಟಾಗಿ ಅಪ್ಪಣೆ ಕೊಟ್ಟು, ಮದ್ಯ ಮತ್ತು ಅಡುಗೆ ಕಳಿಸಿದ. ಗಾನ್ ನಿಂಗ್ ನೂರು ಜನರನ್ನು ಆರಿಸಿ, ಉಣ್ಣಿಸಿ, ಬೆಳ್ಳಿ ಬಟ್ಟಲಲ್ಲಿ ಮದ್ಯ ಬಗ್ಗಿಸಿಕೊಂಡು ತಾನು ಎರಡು ಸಲ ಕುಡಿದ. ಆಮೇಲೆ ತುಂಬಿಸಿ ತುಕಡಿಯ ಮುಖ್ಯಸ್ಥನಿಗೆ ಕೊಟ್ಟ. ಅವನು ತಲೆ ತಗ್ಗಿಸಿ ಕೂತೇ ಇದ್ದ, ಬಟ್ಟಲು ಮುಟ್ಟಲಿಲ್ಲ. ಕುಡಿದರೆ ಹೊರಡಬೇಕು, ಹೊರಟರೆ ಸಾಯಬೇಕು, ಅವನಿಗೆ ಗೊತ್ತು. ಗಾನ್ ನಿಂಗ್ ಕತ್ತಿ ಹಿರಿದು ತೊಡೆಯ ಮೇಲಿಟ್ಟುಕೊಂಡು ಗದರಿದ: ದೊರೆಗೆ ನೀನು ಹೆಚ್ಚೋ ನಾನು ಹೆಚ್ಚೋ? ನಾನೇ ಸಾಯಲು ಸಿದ್ಧನಿರುವಾಗ ನಿನಗೇನು ಜೀವದ ಆಸೆ? ಆತ ಎದ್ದು, ಕೈಮುಗಿದು ಕುಡಿದ. ಉಳಿದವರಿಗೂ ಒಂದೊಂದು ಬಟ್ಟಲು ಹಂಚಿದ. ರಾತ್ರಿಯ ಎರಡನೇ ಜಾವಕ್ಕೆ ಸದ್ದು ಹೊರಡದಂತೆ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಶತ್ರು ಪಾಳೆಯಕ್ಕೆ ನುಗ್ಗಿ, ದಿಗಿಲೆಬ್ಬಿಸಿ ಬಂದರು. ಅವರಿಗೆ ಜಾಂಗ್ ಲಿಯಾವೊ ಇದ್ದರೆ ನನಗೆ ಇವನಿದ್ದಾನೆ ಎಂದು, ತ್ಸಾವೊ ತ್ಸಾವೊನ ಹೆಸರಾಂತ ದಂಡನಾಯಕನಿಗೆ ಇವನನ್ನು ಹೋಲಿಸಿ ಹೇಳಿದ ಸುನ್ ಚುವಾನ್.

ಇನ್ನು ಕೊಂದವನ ಮಗನ ಸ್ನೇಹ. 203ರಲ್ಲಿ ಸತ್ತ ಲಿಂಗ್ ತ್ಸಾವೊನ ಮಗ ಲಿಂಗ್ ತೋಂಗ್. ತಂದೆ ಸತ್ತಾಗ 15 ವರ್ಷ. ಆ ವಯಸ್ಸಿಗೇ ತಂದೆಯ ಪಡೆ ಅವನ ಪಾಲಿಗೆ ಬಂತು. ಕೆಲವೇ ವರ್ಷದಲ್ಲಿ ತಂದೆಯನ್ನು ಕೊಂದವನೇ ಅದೇ ಪಾಳೆಯಕ್ಕೆ ಬಂದು ಕೂತ. ಸುನ್ ಚುವಾನ್ ಇಬ್ಬರನ್ನೂ ಬಿಡಲಾರ. ಸೇಡು ತೀರಿಸಬೇಡವೆಂದು ಲಿಂಗ್ ತೋಂಗ್‌ಗೆ ಕಟ್ಟಪ್ಪಣೆ ಮಾಡಿದ. ಒಮ್ಮೆ ಲ್ಯೂ ಮೆಂಗ್ ಮನೆಯ ಔತಣದಲ್ಲಿ ಮದ್ಯ ಏರಿದ ಮೇಲೆ ಲಿಂಗ್ ತೋಂಗ್ ಕತ್ತಿ ಹಿಡಿದು ಕುಣಿಯಲು ಎದ್ದ. ಎಲ್ಲಿಗೆ ಬರುತ್ತದೆ ಈ ಕುಣಿತ ಎಂದು ಎಲ್ಲರಿಗೂ ಗೊತ್ತು. ನನಗೂ ಜೋಡಿ ಭರ್ಜಿಯ ಕುಣಿತ ಬರುತ್ತದೆ ಎಂದು ಗಾನ್ ನಿಂಗ್ ಎದ್ದ. ನಿನಗೆ ಬಂದರೂ ನನ್ನಷ್ಟು ಬರಲಿಕ್ಕಿಲ್ಲ ಎನ್ನುತ್ತಾ ಲ್ಯೂ ಮೆಂಗ್ ಕತ್ತಿ ಗುರಾಣಿ ಹಿಡಿದು ನಡುವೆ ನುಗ್ಗಿ ಇಬ್ಬರನ್ನೂ ಬೇರೆ ಮಾಡಿದ. ಕೊನೆಗೆ ದೊರೆ ಗಾನ್ ನಿಂಗ್‌ನ ಪಡೆಯನ್ನು ಬಾನ್‌ಜೋ ಎಂಬ ಬೇರೆ ಊರಿಗೇ ಕಳಿಸಿದ. 215ರಲ್ಲಿ ಹೆಫೇ ಬಳಿ ಸುನ್ ಚುವಾನ್ ಸಿಕ್ಕಿಬಿದ್ದಾಗ ಇಬ್ಬರೂ ಅವನಿಗಾಗಿ ಪ್ರಾಣದ ಹಂಗು ತೊರೆದು ಕಾದಾಡಿದ್ದು ಹೌದು. ಆದರೆ ಗಾನ್ ನಿಂಗ್ ಬಾಣ ಬಿಟ್ಟು ಲಿಂಗ್ ತೋಂಗ್‌ನ ಜೀವ ಉಳಿಸಿದ, ಅಲ್ಲಿಂದ ಆಪ್ತಮಿತ್ರರಾದರು ಎಂಬುದು ಕಾದಂಬರಿಕಾರನ ಕೈಚಳಕ. ಇದೇ ಕಾದಂಬರಿ ಜೋ ತಾಯ್, ಜಿಯಾಂಗ್ ಚಿನ್ ಎಂಬ ಇನ್ನಿಬ್ಬರು ವೂ ದಂಡನಾಯಕರನ್ನೂ ಮಾಜಿ ನದಿಗಳ್ಳರನ್ನಾಗಿ ಮಾಡಿದೆ. ಚೆನ್ ಶೋ ಬರೆದ ಅವರ ಚರಿತ್ರೆಗಳಲ್ಲಿ ಆ ಮಾತಿಲ್ಲ.

ಸಾವಿನ ಬಗ್ಗೆ ಚೆನ್ ಶೋ ಬರೆದದ್ದು ಒಂದೇ ಸಾಲು: ಗಾನ್ ನಿಂಗ್ ತೀರಿಕೊಂಡ, ದೊರೆ ಬಹಳ ನೊಂದ. ವರ್ಷ ಹೇಳಿಲ್ಲ, ಯುದ್ಧದಲ್ಲಿ ಸತ್ತನೆಂದೂ ಹೇಳಿಲ್ಲ. 222ರ ಯುದ್ಧದಲ್ಲಿ ತಲೆಗೆ ಬಾಣ ನಾಟಿ, ಮರದ ಕೆಳಗೆ ಕೂತು ಪ್ರಾಣ ಬಿಟ್ಟ, ನೂರಾರು ಕಾಗೆಗಳು ಸುತ್ತುವರಿದವು ಎಂಬುದು ಕಾದಂಬರಿಯದು. ಮಗ ಗಾನ್ ಗುಯಿ ಯಾವುದೋ ಅಪರಾಧಕ್ಕೆ ಗಡಿಪಾರಾಗಿ ಬೇಗನೆ ಸತ್ತ. ಆದರೂ ವಂಶ ಅಲ್ಲಿಗೆ ನಿಲ್ಲಲಿಲ್ಲ. ಮರಿಮಗ ಗಾನ್ ಜುವೊ ಮುಂದೆ ಜಿನ್ ರಾಜ್ಯದಲ್ಲಿ ಹೆಸರಾಂತ ದಂಡನಾಯಕನಾದ.

ಗಾನ್ ನಿಂಗ್‌ನನ್ನು ಜನ ಕೊನೆಗೆ ದೇವರು ಮಾಡಿದರು. ಅವನ ಪಡೆಯ ಖರ್ಚಿಗೆ ದೊರೆ ಬಿಟ್ಟುಕೊಟ್ಟಿದ್ದ ಊರುಗಳಲ್ಲಿ ಒಂದು ಯಾಂಗ್‌ಶಿನ್. ಆ ಸೀಮೆಯ ಫೂಚಿ ಎಂಬ ನದಿದಡದ ಊರಿನಲ್ಲಿ ಅವನ ಗುಡಿಯಿತ್ತು. ಸೋಂಗ್ ದೊರೆಗಳು ಅವನಿಗೆ ಮೊದಲು ಸಾಮಂತನ, ಆಮೇಲೆ ರಾಜನ ಪದವಿ ಕೊಟ್ಟರು. 1170ರಲ್ಲಿ ಲು ಯೂ ಎಂಬ ಕವಿ ದೋಣಿಯಲ್ಲಿ ಯಾಂಗ್ಟ್ಸಿಯ ಮೇಲ್ಮುಖವಾಗಿ ಹೋಗುವಾಗ ಅಲ್ಲಿ ಇಳಿದು, ಒಂದು ಹೂಜಿ ಮದ್ಯ, ಒಂದು ಹಂದಿ ಅರ್ಪಿಸಿ ಕೈಮುಗಿದ. ಅಲ್ಲಿನವರು ಹೇಳಿದ್ದೊಂದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅದಕ್ಕೆ ಕೆಲವು ದಶಕಗಳ ಹಿಂದೆ ಜಾಂಗ್ ಯೂ ಎಂಬ ದರೋಡೆಕೋರ ದಂಡು ಕಟ್ಟಿಕೊಂಡು ಆ ದಾರಿಯಲ್ಲಿ ಬಂದು, ಗುಡಿಯಲ್ಲಿ ಶಕುನದ ಕಾಯಿ ಎಸೆದು ಪ್ರಸಾದ ಕೇಳಿದನಂತೆ. ಒಂದು ಕಾಯಿ ಗಾಳಿಯಲ್ಲೇ ನಿಂತುಬಿಟ್ಟಿತು, ಕೆಳಗೆ ಬೀಳಲೇ ಇಲ್ಲ. ಇನ್ನೊಂದು ಬಾಗಿಲಾಚೆಗೆ ಹಾರಿಹೋಯಿತು. ದರೋಡೆಕೋರರು ಹೆದರಿ ಅಲ್ಲಿಂದ ಹೊರಟುಹೋದರು. ನಿಮ್ಮ ಮಗ ಹೇಳುವ ಕಾಗೆಗಳ ಕಥೆಗಿಂತ ನನಗೆ ಇದೇ ಹೆಚ್ಚು ಇಷ್ಟ.